ಸುಣ್ಣ ಉಂಡ ಮಣ್ಣು

ಮಳೆಗಾಲದಲ್ಲಿ ನಮ್ಮ ಊರಿನ ರಸ್ತೆಗಳು ಊರಲ್ಲಿ ಇರುವುದಿಲ್ಲ, ತವರಿಗೆ ಹೋಗಿರುತ್ತವೆ. ಮೃಗಶಿರಾ ಮಳೆ ಹಿಡಿದು ಒಂದು ಗಂಟೆ ಆಗಿರುವುದಿಲ್ಲ, ಪೇಟೆ ಬೀದಿಯ ಮಣ್ಣು ಮೆಲ್ಲಗೆ ಎದ್ದು, ಬಂದ ದಾರಿ ಹಿಡಿದು, ಯಾವ ಹೊಲದ ಯಾವ ಗುಂಡಿಯಿಂದ ಅಗೆದು ತಂದಿದ್ದೆವೋ ಅದೇ ಗುಂಡಿಗೆ ಹೋಗಿ ಮಲಗಿಬಿಡುತ್ತದೆ. ಜಲ್ಲಿಕಲ್ಲು ಸ್ವಲ್ಪ ಸೋಮಾರಿ. ಅದಕ್ಕೆ ಮೂರು ದಿನದ ಜಡಿಮಳೆ ಬೇಕು, ಆಮೇಲೆ ಅದೂ ಗುಡ್ಡದ ಕಡೆ ಉರುಳುತ್ತದೆ. ಹಡಪದ ತಿಪ್ಪಣ್ಣ ಒಮ್ಮೆ ಗಿರಾಕಿಯೊಬ್ಬನಿಗೆ ಅರ್ಧ ಗಡ್ಡ ಬೋಳಿಸಿ, ಕತ್ತಿ ಮಸೆಯುವ ಕಲ್ಲು ತರಲು ಮನೆಯೊಳಗೆ ಹೋಗಿದ್ದ. ಅಷ್ಟರಲ್ಲಿ ಮಳೆ ಬಂತು. ಅವನು ಹೊರಗೆ ಬಂದು ನೋಡಿದರೆ ಕುರ್ಚಿಯೂ ಇಲ್ಲ, ತೂಕಡಿಸುತ್ತಿದ್ದ ಗಿರಾಕಿಯೂ ಇಲ್ಲ, ಇಬ್ಬರೂ ಬೀದಿಯ ಸಂಗಡ ಊರಬಾಗಿಲ ಅಗಸಿ ದಾಟಿದ್ದರು. ಉಳಿದರ್ಧ ಗಡ್ಡವನ್ನು ಯಾರದೋ ಹೊಲದ ಬದುವಿನ ಮೇಲೆ ಬೋಳಿಸಬೇಕಾಯಿತು. ಹೊರಗಿನಿಂದ ಬಂದವರು ಈ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಮಗೆ ಅಷ್ಟು ನಗು ಬರುವುದಿಲ್ಲ. ಮಳೆಗಾಲದ ನಾಲ್ಕೂ ತಿಂಗಳು ಬೀದಿ ಹೋದ ತಗ್ಗಿನಲ್ಲಿ ಹಲಗೆ ಹಾಕಿಕೊಂಡು ಓಡಾಡುವವರು ನಾವು.

ಬೆಂಕಿ ಕಂಡ ಮಣ್ಣು ಮಾತ್ರ ತವರು ಮರೆಯುತ್ತದೆ. ಅದಕ್ಕೇ ನಮ್ಮಲ್ಲಿ ಬಡವನ ಗುಡಿಸಲಿಗೂ ಸುಟ್ಟ ಇಟ್ಟಿಗೆಯೇ ಬೇಕು. ಬೀದಿಗೂ ಇಟ್ಟಿಗೆ ಹಾಸಬಹುದಿತ್ತು, ಆದರೆ ಅಷ್ಟನ್ನು ಸುಡುವ ಸೌದೆ ಈ ಸೀಮೆಯಲ್ಲಿಲ್ಲ. ಹಾಗಾಗಿ ಪ್ರತಿ ವರ್ಷ ಮಳೆ ನಿಂತು ಸುಗ್ಗಿ ಮುಗಿದ ಮೇಲೆ ಹೊಲದವರ ಹತ್ತಿರ ಹೋಗಿ ಮಣ್ಣು ಕೇಳಿ ತಂದು, ಬಡಿದು, ರಸ್ತೆ ಮಾಡುತ್ತೇವೆ. ಕೇಳುವುದಕ್ಕೆ ಒಂದು ಪದ್ಧತಿ ಇದೆ. ಮೇಸ್ತ್ರಿಯಾದವನು ಎಲೆ ಅಡಿಕೆ ಹಿಡಿದು ಹೊಲದವರ ಮನೆಗೆ ಹೋಗಬೇಕು, ಅದನ್ನು ಹೊಸ್ತಿಲ ಮೇಲೆ ಇಟ್ಟು, "ಮಣ್ಣು ಕೊಡ್ರಿ, ಮಳಿಗೆ ಕಳಸ್ತೀವಿ" ಅನ್ನಬೇಕು. ಅವರು "ಒಯ್ಯಿರಿ" ಅನ್ನಬೇಕು. ಅಷ್ಟೇ. ಕಾಗದವಿಲ್ಲ, ಪತ್ರವಿಲ್ಲ, ಸಾಕ್ಷಿಯಿಲ್ಲ. ತಾನಾಗಿ ಮನೆಗೆ ಬರುವ ದನಕ್ಕೆ ಯಾರು ಚೀಟಿ ಬರೆಸಿಕೊಳ್ಳುತ್ತಾರೆ? ಮಣ್ಣು ಕೊಟ್ಟವರಿಗೆ ನಷ್ಟವೂ ಇರಲಿಲ್ಲ. ಊರು ಸುತ್ತಿ ಬಂದ ಮಣ್ಣು ಹುಡಿಯಾಗಿ, ಸಡಿಲವಾಗಿ ಬಂದು ಬೀಳುತ್ತಿತ್ತು, ನೇಗಿಲು ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತಿತ್ತು. ಮೊದಲ ಮಳೆಯ ದಿನ ಹೊಲದವರು ಬದುವಿನ ಮೇಲೆ ನಿಂತು "ಬಾರವ್ವ, ಬಾ" ಎಂದು ತಮ್ಮ ಮಣ್ಣನ್ನು ಕರೆಯುವುದನ್ನು ನೋಡಲು ನಾನು ಸಣ್ಣವನಿದ್ದಾಗ ಓಡಿಹೋಗುತ್ತಿದ್ದೆ.

ಈ ಊರಿನ ಮಣ್ಣು ಮೇಸ್ತ್ರಿ ನಾನು. ಹೆಸರು ಮುದಕಪ್ಪ. ಮೂವತ್ತು ವರ್ಷ ರಸ್ತೆ ಮಾಡಿದ್ದೇನೆ. ಮೂವತ್ತು ವರ್ಷದಲ್ಲಿ ತೋರಿಸಲು ಒಂದು ಮಾರು ರಸ್ತೆಯೂ ನನ್ನ ಹತ್ತಿರ ಇರಲಿಲ್ಲ. ಕುಂಬಾರ ತನ್ನ ಗಡಿಗೆ ತೋರಿಸುತ್ತಾನೆ, ಬಡಿಗ ತಾನು ಮಾಡಿದ ಬಾಗಿಲು ಬಡಿದು ಸದ್ದು ಕೇಳಿಸುತ್ತಾನೆ. ನನ್ನ ಕೆಲಸ ಪ್ರತಿ ಜೂನ್ ತಿಂಗಳು ನನ್ನ ಕಣ್ಣ ಮುಂದೆಯೇ ಎದ್ದು ನಡೆಯುತ್ತಿತ್ತು, ಮಂದಿ ಹಲಗೆಯ ಮೇಲೆ ಸರ್ಕಸ್ ಮಾಡುತ್ತ "ಮೇಸ್ತ್ರಿ, ನಿನ್ನ ರಸ್ತಾ ಹೊಂಟತಿ ನೋಡು, ಬುತ್ತಿ ಕಟ್ಟಿ ಕೊಡು" ಎಂದು ಚೇಷ್ಟೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಕುದಿಯುತ್ತಿದ್ದೆ. ಆ ಕುದಿಯನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದಕ್ಕೆ ಬೇರೆ ಕಾರಣ ಹುಡುಕುವುದು ಬೇಡ.

ಹೊಸಮನಿ ಎಂಬ ಇಂಜಿನಿಯರು ಬಂದದ್ದು ನನ್ನ ನಲವತ್ತೆಂಟನೆಯ ವಯಸ್ಸಿನಲ್ಲಿ. ಸಣ್ಣ ಆಳು, ದಪ್ಪ ಕನ್ನಡಕ, ಜೀಪಿನ ಹಿಂದೆ ಹನ್ನೆರಡು ಚೀಲ ಸುಣ್ಣ. ಪುರಸಭೆ ಅಧ್ಯಕ್ಷ ಬಾಳನಗೌಡರು ನನ್ನನ್ನು ಕರೆಸಿ, "ಈ ಸಾಹೇಬರು ಹೇಳಿದಂಗ ಕೇಳು" ಎಂದು ಅವರ ಕೈಗೆ ಒಪ್ಪಿಸಿದರು. ಸಾಹೇಬರು ಕೆಟ್ಟ ಮನುಷ್ಯರಲ್ಲ. ಮಣ್ಣನ್ನು ಬೆರಳಲ್ಲಿ ತಿಕ್ಕಿ, ಮೂಸಿ, ಒಮ್ಮೊಮ್ಮೆ ನಾಲಿಗೆಗೂ ಹಚ್ಚಿ ನೋಡುತ್ತಿದ್ದರು. ಹಾಗೆ ಮಾಡುವವರನ್ನು ನಾನು ಅದುವರೆಗೆ ನನ್ನೊಬ್ಬನನ್ನು ಬಿಟ್ಟು ಬೇರೆ ಕಂಡಿರಲಿಲ್ಲ.

"ಮೇಸ್ತ್ರಿ, ನೀರು ಬಿದ್ದರೆ ಮಣ್ಣು ಕೆಡೋದಿಲ್ಲ, ಅದಕ್ಕೆ ಮನೆ ನೆನಪಾಗುತ್ತೆ, ಅಷ್ಟೇ," ಎಂದರು ಅವರು ಮೊದಲ ದಿನವೇ. "ಸರಿಯಾದ ಅಳತೆಯಲ್ಲಿ ಸುಣ್ಣ ಉಣಿಸಿದರೆ ಮರೀತದೆ. ಮರೆತ ಮಣ್ಣು ಕಲ್ಲಿನ ಥರ."

ಪುರಸಭೆಯ ಗೋದಾಮಿನಲ್ಲಿ ಪಿಂಗಾಣಿ ಬಟ್ಟಲುಗಳನ್ನು ಸಾಲಾಗಿ ಇಟ್ಟೆವು. ಮಣ್ಣಿಗೆ ಸುಣ್ಣ ಬೆರೆಸಿ, ಮುಷ್ಟಿ ಗಾತ್ರದ ಉಂಡೆ ಕಟ್ಟಿ, ಒದ್ದೆ ಗೋಣಿಯ ಕೆಳಗೆ ಏಳು ದಿನ ಮುಚ್ಚಿಟ್ಟು, ಆಮೇಲೆ ನಾಲ್ಕು ದಿನ ನೀರಲ್ಲಿ ಮುಳುಗಿಸುವುದು. ಉಂಡೆ ಬಟ್ಟಲಲ್ಲೇ ಉಳಿದರೆ ಗೆದ್ದ ಹಾಗೆ. ಗುಡ್ಡದ ಗರಸಿನ, ಆ ಕಲ್ಲುಮಣ್ಣಿನ, ಉಂಡೆ ನೀರಿಗೆ ಬಿದ್ದ ಮಧ್ಯಾಹ್ನವೇ ಬಟ್ಟಲ ಅಂಚು ಹತ್ತಿ ಇಳಿದು ಹೊಸ್ತಿಲು ದಾಟಿತು. ಕೆಂಪು ಮಸಾರಿ ಮಣ್ಣು ಎರಡು ದಿನ ತಡೆದು, ಮೂರನೆಯ ದಿನ ಕಿಟಕಿಯಿಂದ ಹೋಯಿತು. ಸುಣ್ಣ ಹೆಚ್ಚು ಹಾಕಿ ನೋಡಿದೆವು, ಕಡಿಮೆ ಹಾಕಿ ನೋಡಿದೆವು. ಸಾಹೇಬರು ತಲೆ ಅಲ್ಲಾಡಿಸಿ, "ಜಿಗುಟು ಸಾಲದು. ಸುಣ್ಣಕ್ಕೆ ಕಚ್ಚಿಕೊಳ್ಳೋದಕ್ಕೆ ಒಳ್ಳೆ ಕಪ್ಪು ಎರೆಮಣ್ಣು ಬೇಕು, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡಬೇಕು ಅಂಥದ್ದು," ಎಂದು ಚೀಲಗಳನ್ನು ಮತ್ತೆ ಜೀಪಿಗೆ ಹಾಕಿಸತೊಡಗಿದರು. ಇನ್ನು ಹದಿನೈದು ದಿನಕ್ಕೆ ಬೇರೆ ಊರಿಗೆ ಹೋಗುವವರಿದ್ದರು.

ಅಂಥ ಮಣ್ಣು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಊರಿಂದ ಒಂದು ಹರದಾರಿ ದೂರದಲ್ಲಿ ನನ್ನ ತಂಗಿ ಫಕೀರವ್ವನ ಹೊಲ. ನಮ್ಮ ಅಪ್ಪ ಅವಳ ಮದುವೆಯಲ್ಲಿ ಅರಿಷಿಣ ಕುಂಕುಮಕ್ಕೆ ಎಂದು ಕೊಟ್ಟ ಎರಡು ಎಕರೆ. ಸಣ್ಣವರಿದ್ದಾಗ ಬೇಸಿಗೆಯಲ್ಲಿ ಅಲ್ಲಿಯ ಬಿರುಕಿನಲ್ಲಿ ನಾವಿಬ್ಬರೂ ಗೋಲಿ ಬೀಳಿಸಿ, ಅದು ತಳ ಮುಟ್ಟುವ ಸದ್ದಿಗೆ ಕಿವಿ ಇಟ್ಟು ಕೂತಿರುತ್ತಿದ್ದೆವು. ಅವಳ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಬೇರೆ ಊರು ಸೇರಿ ಹದಿನೈದು ವರ್ಷ. ಗಂಡನೂ ಆ ಹೊಲವೇ, ಮಗನೂ ಆ ಹೊಲವೇ ಅನ್ನುವ ಹಾಗೆ ಹೊಲದ ಪಕ್ಕದ ಮನೆಯಲ್ಲಿ ಒಬ್ಬಳೇ ಬದುಕುತ್ತಿದ್ದಳು. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಸಾಲಲ್ಲಿ ಒಂದಿಷ್ಟು ಕಡಲೆ, ಕುಸುಬಿ. ನನ್ನ ಮನೆಗೆ ಬಂದಿರು ಎಂದು ಎಷ್ಟು ಸಲ ಕರೆದರೂ, "ಈ ಹೊಲ ಇರೋತನಾ ನಾ ಯಾರ ಬಾಗಲಾನೂ ಕಾಯಂಗಿಲ್ಲ ಅಣ್ಣಾ, ನಿಂದು ಸೈತ" ಎಂದು ನಗುತ್ತಿದ್ದಳು.

ಒಂದು ಮುಂಜಾನೆ ಅವಳು ನೀರಿಗೆ ಹೋದ ಹೊತ್ತಿನಲ್ಲಿ ಹೊಲಕ್ಕೆ ಹೋಗಿ ಹೆಗಲ ವಲ್ಲಿಯಲ್ಲಿ ಒಂದು ಸೇರು ಮಣ್ಣು ಕಟ್ಟಿಕೊಂಡು ಬಂದೆ. ನೂರಕ್ಕೆ ಆರು ಪಾಲು ಸುಣ್ಣ. ಏಳು ದಿನ ಗೋಣಿಯ ಕೆಳಗೆ. ನೀರಿಗೆ ಹಾಕಿದ ನಾಲ್ಕನೆಯ ದಿನ ಗೋದಾಮಿನ ಬಾಗಿಲು ತೆಗೆದರೆ, ಉಂಡೆ ಇಟ್ಟಲ್ಲೇ ಇತ್ತು. ನೀರು ತಿಳಿಯಾಗಿತ್ತು. ಕೈಗೆತ್ತಿಕೊಂಡು ನೆಲಕ್ಕೆ ಕುಕ್ಕಿದೆ, ಟಣ್ ಎಂದಿತು. ಸಾಹೇಬರು ನನ್ನನ್ನು ತಬ್ಬಿಕೊಂಡು, "ಈ ಮಣ್ಣು ಎಷ್ಟು ಸಿಗತದೆ ಮೇಸ್ತ್ರಿ?" ಎಂದರು.

"ಎರಡ ಎಕರೆರಿ," ಎಂದೆ. ಯಾರೂ ನನ್ನ ಕುತ್ತಿಗೆಗೆ ಕೈ ಹಾಕಿ ಹೇಳಿಸಿದ ಮಾತಲ್ಲ ಅದು.

ಆ ಸಂಜೆಯೇ ಬಾಳನಗೌಡರ ಪಡಸಾಲೆಯಲ್ಲಿ ಕೂತು ಒಂದು ಮಾತು ಎತ್ತಿದೆ. "ಈ ಮಣ್ಣು ಹೊಳ್ಳಿ ಹೋಗಂಗಿಲ್ಲರಿ. ಹೊಲದವರಿಗೆ ಏನಂತ ಹೇಳೂದು?"

ಸಾಹೇಬರು ಕನ್ನಡಕ ಒರೆಸಿಕೊಂಡರು. ಅವರಿಗೆ ನಮ್ಮ ಪದ್ಧತಿ ಅರ್ಥವಾಗಿರಲಿಲ್ಲ. "ಪ್ರತಿ ವರ್ಷ ಏನು ಹೇಳ್ತೀರೋ ಅದನ್ನೇ ಹೇಳಿ," ಎಂದರು. ಪದ್ಧತಿ ಚೆನ್ನಾಗಿ ಅರ್ಥವಾಗಿದ್ದವರು ಬಾಳನಗೌಡರು. ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ನಿನ್ನ ತಂಗಿ ಹೊಲ ಅಲ್ಲೇನೋ ಅದು? ಮನಿ ಮಾತು. ನೀವು ನೀವ ನೋಡ್ಕೋರಿ."

ನೋಡಿಕೊಳ್ಳಲು ನಾನು ಮರುದಿನ ಎಲೆ ಅಡಿಕೆ ಹಿಡಿದು ಹೋದೆ. ಫಕೀರವ್ವ ಅಂಗಳದಲ್ಲಿ ಕಡಲೆ ತೂರುತ್ತಿದ್ದಳು. ನನ್ನನ್ನು ಕಂಡು ಮೊರ ಬಿಟ್ಟು ಒಳಗೆ ಓಡಿ, ಬಿಸಿ ರೊಟ್ಟಿ ಬಡಿದು, ಶೇಂಗಾ ಹಿಂಡಿಯ ಮೇಲೆ ಕೆನೆಮೊಸರು ಸುರಿದು ಇಟ್ಟಳು. ಮೂರು ರೊಟ್ಟಿ ತಿಂದೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ತಂಗೀ, ಈ ಸಲದ ಮಣ್ಣು ಬೇರೆ ಥರ, ಕೊಟ್ಟರೆ ಕೊಟ್ಟ ಹಾಗೆಯೇ, ಬೇಡವಾದರೆ ಬೇಡ ಅನ್ನು. ಕೈ ತೊಳೆದು, ಎಲೆ ಅಡಿಕೆಯನ್ನು ಹೊಸ್ತಿಲ ಮೇಲೆ ಇಟ್ಟೆ. ಬಾಯಿ ತೆರೆದರೆ ಬಂದದ್ದು, "ಮಣ್ಣು ಕೊಡು ತಂಗಿ, ಮಳಿಗೆ ಕಳಸ್ತೀವಿ."

ಮೂವತ್ತು ವರ್ಷದ ರೂಢಿ, ನಾಲಿಗೆ ತಾನಾಗಿ ಹೊರಳಿತು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ರೂಢಿಯಲ್ಲ, ಅಂಜಿಕೆ. ಅವಳು ಬೇಡ ಅಂದುಬಿಟ್ಟರೆ ಏನು ಗತಿ ಎಂಬ ಅಂಜಿಕೆ.

"ನನ್ನ ಮುಂದ ಎಂಥಾ ಶಾಸ್ತ್ರ ಅಣ್ಣಾ," ಎಂದು ಅವಳು ನಕ್ಕಳು. "ಒಯ್ಯಿ. ಎಷ್ಟ ಆಳ ತಗೀತಿ?"

"ಒಂದೂವರಿ ಮೊಳ."

"ಅಷ್ಟಕ್ಕ ಗರಸ ಹತ್ತತೈತಿ ನೋಡು. ತಗಿ, ತಗಿ. ಹೊಳ್ಳಿ ಬರೂವಾಗ ಸಡ್ಲ ಆಗಿರತೈತಿ, ನೇಗಿಲಕ್ಕ ಹಗರ. ಅಪ್ಪನ ಹೊಲದ ಮ್ಯಾಲ ಊರ ಮಂದಿ ನಾಕ ತಿಂಗಳ ಅಡ್ಡ್ಯಾಡಲಿ, ಪುಣ್ಯ ಬರತೈತಿ." ಎಲೆಗೆ ಸುಣ್ಣ ಹಚ್ಚಿ ನನಗೂ ಒಂದು ಪಟ್ಟಿ ಮಡಿಸಿ ಕೊಟ್ಟಳು. ಅದನ್ನು ಅಗಿಯುತ್ತ ಮನೆಗೆ ಬಂದೆ.

ಕೆಲಸ ನನ್ನ ಜೀವಮಾನದಲ್ಲಿ ಮಾಡದಷ್ಟು ಶ್ರದ್ಧೆಯಿಂದ ಮಾಡಿದೆ. ಮಣ್ಣನ್ನು ಜರಡಿ ಹಿಡಿದು, ಸಾಹೇಬರು ಲಾರಿಯಲ್ಲಿ ತರಿಸಿದ ಒಣ ಸುಣ್ಣ ಬೆರೆಸಿ, ಮಡಿಚಿ, ಮತ್ತೆ ಬೆರೆಸಿ, ಬೀದಿಗೆ ಹರವಿ ನೀರು ಚಿಮುಕಿಸುವುದು. ನೀರು ಬಿದ್ದ ಕೂಡಲೇ ಮಣ್ಣು ಏಳಲು ನೋಡುತ್ತದೆ. ಸುಣ್ಣ ತಗುಲುವವರೆಗೆ ಅರ್ಧ ಗಂಟೆ ಎರಡೂ ಕಡೆ ಆಳುಗಳು ಹಲಗೆ ಒತ್ತಿ ಹಿಡಿದು ನಿಲ್ಲಬೇಕು. ಮೊದಲ ದಿನ ಆ ಮಣ್ಣು ಹಲಗೆಯನ್ನು ನೂಕಿದ ರಭಸಕ್ಕೆ ಇಬ್ಬರು ಮಗುಚಿ ಬಿದ್ದರು. ತಂಗಿಯ ಹೊಲದ ದಿಕ್ಕಿಗೇ ನೂಕುತ್ತಿತ್ತು. ನಾನು ಆ ಕಡೆಯ ಹಲಗೆಗೆ ಹೆಗಲು ಕೊಟ್ಟು ನಿಂತೆ. ಮೆಲ್ಲಗೆ ನೂಕು ಕಡಿಮೆಯಾಯಿತು, ಆಮೇಲೆ ಬೆವರಿದ ಹಾಗೆ ಬಿಸಿಯಾಯಿತು, ಆಮೇಲೆ ಸುಮ್ಮನಾಯಿತು. ಎತ್ತುಗಳಿಗೆ ಕಲ್ಲುಗುಂಡು ಕಟ್ಟಿ ಹದಿನಾರು ಸಲ ಹೊಡೆಸಿದೆ. ಅದರ ಮೇಲೆ ಒದ್ದೆ ಗೋಣಿ. ಸುಣ್ಣ ಕಚ್ಚಿ ನನ್ನ ಕಾಲ್ಬೆರಳ ಸಂದುಗಳು ಹುಣ್ಣಾದವು. ಇಷ್ಟು ಗುದ್ದಾಡಿ ಮಾಡಿದ್ದಕ್ಕೆ ನೋವೂ ಒಂದು ಹೆಮ್ಮೆಯಾಗಿತ್ತು ನನಗೆ. ಪೇಟೆಯಿಂದ ಹೊಳೆಕಟ್ಟೆಯವರೆಗೆ ಒಂದೂವರೆ ಮೈಲಿ, ಅಂಗೈಯ ಹಾಗೆ ಸಪಾಟು.

ಮೃಗಶಿರಾ ಮಳೆ ಬಂದ ದಿನ ಇಡೀ ಊರು ಪೇಟೆಯ ಕಟ್ಟೆಗಳ ಮೇಲೆ ಬಂದು ನಿಂತಿತ್ತು. ಅತ್ತ ಕುಂಬಾರ ಓಣಿಯ ಬೀದಿ ಎದ್ದಿತು, ಇತ್ತ ಗೌಡರ ಓಣಿಯದು ಎದ್ದು ಅಗಸಿ ದಾಟಿತು. ಪೇಟೆ ಬೀದಿಯ ಮೇಲೆ ನೀರು ಹರಿದು ಎರಡೂ ಬದಿಯ ಚರಂಡಿಗೆ ಇಳಿಯಿತೇ ಹೊರತು ಬೀದಿ ಮಿಸುಕಲಿಲ್ಲ. ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು ಸುಮ್ಮನೆ ಅತ್ತಿಂದಿತ್ತ ನಡೆದರು. ತಿಪ್ಪಣ್ಣ ತನ್ನ ಕುರ್ಚಿಯನ್ನು ತಂದು ಮಳೆಯಲ್ಲೇ ನಟ್ಟ ನಡುವೆ ಹಾಕಿ, ಅದರ ಮೇಲೆ ತಾನೇ ಕಾಲ ಮೇಲೆ ಕಾಲು ಹಾಕಿ ಕೂತ. ನಾನು ಅತ್ತೆ. ಸಂತೋಷಕ್ಕೇ ಅತ್ತೆ, ಸುಳ್ಳು ಹೇಳುವುದಿಲ್ಲ. ಅರ್ಧ ಊರಿನವರು ನನ್ನ ಬೆನ್ನು ತಟ್ಟಿ ಹೋದ ಮೇಲೆ ನೆನಪಾಯಿತು, ಈ ಹೊತ್ತಿಗೆ ಫಕೀರವ್ವ ಬದುವಿನ ಮೇಲೆ ನಿಂತಿರುತ್ತಾಳೆ ಎಂದು.

ಅವಳು ಎರಡು ದಿನ ನಿಂತಿದ್ದಳಂತೆ. ಅಕ್ಕಪಕ್ಕದ ಹೊಲಗಳ ಮಣ್ಣೆಲ್ಲ ಅವಳ ಮುಂದೆಯೇ ಹಾದು ತಂತಮ್ಮ ಗುಂಡಿ ಸೇರಿತು. ಮೂರನೆಯ ದಿನ ಸಂತೆಗೆ ಬಂದವರ ಸಂಗಡ ಹೇಳಿ ಕಳಿಸಿದಳು, "ಅಣ್ಣಾ, ನಮ್ಮ ಮಣ್ಣು ಎಲ್ಲಿತನಾ ಮುಟ್ಟೈತಿ?" ಇನ್ನೊಂದು ಮಳೆ ಆಗಲಿ ಎಂದು ಹೇಳಿ ಕಳಿಸಿದೆ. ಆರಿದ್ರಾ ಬಂದು ಹೋಯಿತು. ಮತ್ತೆ ಕೇಳಿ ಕಳಿಸಿದಳು. ಎರೆಮಣ್ಣು ಭಾರ, ತಡವಾಗುತ್ತದೆ ಎಂದೆ. ಹೆಸರು ಬಿತ್ತುವ ಹದ ತಪ್ಪಿಹೋಗುತ್ತಿತ್ತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರು ಮಾತಿಗೆ ನಿಲ್ಲಿಸಿದರೂ ಆ ದಿನಗಳಲ್ಲಿ ಏನೋ ನೆವ ಹೇಳಿ ಜಾರಿಕೊಳ್ಳುತ್ತಿದ್ದೆ.

ಕಡೆಗೆ ಒಂದು ಉಪಾಯ ಹೊಳೆಯಿತು. ಹಳ್ಳದ ದಂಡೆಯಲ್ಲಿ ಯಾರಿಗೂ ಸೇರದ ಎರೆಮಣ್ಣು ಇತ್ತು. ಮಳೆ ಬಿಡುವು ಕೊಟ್ಟ ವಾರದಲ್ಲಿ ಹನ್ನೆರಡು ಬಂಡಿ ಹೂಡಿಸಿ ಅದನ್ನು ಅವಳ ಹೊಲಕ್ಕೆ ಸುರಿಸಿದೆ. ಇಡೀ ಹೊಲಕ್ಕೆ ಎಲ್ಲಿ ಸಾಲಬೇಕು, ಒಂದು ಮೂಲೆಗೆ ಸಾಕಾಯಿತು. ಫಕೀರವ್ವ ಏನೂ ಕೇಳದೆ ಕೂರಿಗೆ ಹಿಡಿದು ಅಷ್ಟರಲ್ಲೇ ಹೆಸರು ಬಿತ್ತಿದಳು. ಹಸಿಗೆ ಕಾಳು ಮೊಳೆತು ಎರಡೆಲೆ ಒಡೆಯಿತು. ಮೂವತ್ತು ವರ್ಷ ಮಣ್ಣಿನಲ್ಲಿ ಬಿದ್ದು ಹೊರಳಿದವನಿಗೆ ಮುಂದಿನದು ಹೊಳೆಯಬೇಡವೇ? ಹೊಳೆಯಲಿಲ್ಲ, ಅಥವಾ ಹೊಳೆಯದಿರಲಿ ಎಂದು ನಾನೇ ಕಣ್ಣು ಮುಚ್ಚಿಕೊಂಡೆ.

ಪುನರ್ವಸು ಮಳೆ ಬಂದಾಗ ನಾನು ಅಲ್ಲೇ ಇದ್ದೆ. ಹಳ್ಳದ ಮಣ್ಣು ಹಳ್ಳಕ್ಕೆ ಹೊರಟಿತು. ಎಳೆಯ ಹೆಸರಿನ ಸಾಲುಗಳು ಅದರ ಬೆನ್ನ ಮೇಲೆ ಹಸಿರಾಗಿ, ನೆಟ್ಟಗೆ, ಸಾಲು ಕೆಡದಂತೆ ಬದು ದಾಟಿ ಹೋದವು. ಫಕೀರವ್ವ ಗೋಣಿಯ ಕೊಪ್ಪೆ ಹೊದ್ದುಕೊಂಡು ನೋಡುತ್ತ ನಿಂತಿದ್ದಳು. ಹೊಲದಲ್ಲಿ ಅಡಿಯ ಬಿಳಿ ಗರಸು ಮತ್ತೆ ಕಾಣಿಸಿತು.

"ಮಂದಿ ಮಣ್ಣು ನನ್ನ ಹೊಲದಾಗ ಯಾಕ ನಿಲ್ಲತೈತಿ ಅಣ್ಣಾ," ಎಂದಳು. ನನ್ನ ಕಡೆ ತಿರುಗಿ, "ಖರೇ ಹೇಳು. ನಮ್ಮದು ಬರತೈತೋ ಇಲ್ಲೋ?" ಎಂದು ಕೇಳಿದಳು.

"ಬರಂಗಿಲ್ಲ ತಂಗಿ. ಸುಣ್ಣ ಉಣಿಸೀವಿ ಅದಕ್ಕ. ಮನಿ ಮರತೈತಿ."

"ಕೇಳಾಕ ಬಂದಾಗ ಗೊತ್ತಿತ್ತೇನು ನಿನಗ?"

"ಇಲ್ಲ," ಎಂದೆ.

ಅವಳು ನನ್ನ ಮುಖ ನೋಡಿದಳು, ಆಮೇಲೆ ತನ್ನ ಸೆರಗಿನಿಂದ ನನ್ನ ಹಣೆಯ ನೀರು ಒರೆಸಿದಳು. "ಹಂಗಾರ ನಿನಗೂ ಮೋಸ ಮಾಡ್ಯಾರ ಬಿಡು," ಎಂದಳು. "ನೀ ಮನಸ್ಸಿಗೆ ಹಚಗೋಬ್ಯಾಡ. ಅಪ್ಪನ ಮಣ್ಣದು. ಹದಿನೈದು ವರ್ಷ ನಾ ಅದರ ಜೋಡಿ ಮಾತಾಡೀನಿ, ನನ್ನ ದನಿ ಅದಕ್ಕ ಗೊತ್ತೈತಿ. ನಾನ ಬಂದು ಕರದ್ರ ಬರತೈತೇಳು." ನಾನು ಆಗ ಸತ್ಯ ಹೇಳಬಹುದಿತ್ತು. ಹೇಳದೆ, ಅವಳ ಸಮಾಧಾನ ಹೊತ್ತುಕೊಂಡು ಊರ ದಾರಿ ಹಿಡಿದೆ. ಅವಳು ಕೂಡಲೇ ಬರಲಿಲ್ಲ. ಹೊಟ್ಟೆಪಾಡಿಗೆ ಕಂಡವರ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಿದ್ದಾಳೆ ಎಂದು ಕೇಳಿದೆ. ನನ್ನ ಹೆಂಡತಿ ಒಂದು ಚೀಲ ಜೋಳ ಕಳಿಸಿದರೆ ಬಂಡಿಯಲ್ಲೇ ತಿರುಗಿ ಕಳಿಸಿದಳು.

ಬೀದಿ ಇಡೀ ಮಳೆಗಾಲ ನಿಂತಿತು. ಹಸ್ತ ಮಳೆ ಮುಗಿದು ಬಿಸಿಲು ಬಿದ್ದ ಮೇಲೆ ಜಿಲ್ಲೆಯಿಂದ ದೊಡ್ಡ ಸಾಹೇಬರನ್ನು ಕರೆಸಿ ಸಮಾರಂಭ ಇಟ್ಟರು. ಪೇಟೆ ಬೀದಿಯ ಮೇಲೆಯೇ ಪೆಂಡಾಲು, ತಳಿರು, ಮೈಕು. ನನಗೆ ಒಂದು ಜರಿಯ ರುಮಾಲು, ಒಂದು ಶಾಲು. ದೊಡ್ಡ ಸಾಹೇಬರ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ರುಮಾಲು ಬಿಗಿಯಾಗಿ ತಲೆ ನೋಯುತ್ತಿತ್ತು. ಬಾಳನಗೌಡರು ಮಾತಾಡಿ ಮುಗಿಸುವ ಹೊತ್ತಿಗೆ ಫಕೀರವ್ವ ಜನರ ನಡುವೆ ದಾರಿ ಬಿಡಿಸಿಕೊಂಡು ಬಂದಳು. ಒಗೆದ ಇಳಕಲ್ಲು ಸೀರೆ ಉಟ್ಟಿದ್ದಳು, ಹಣೆ ತುಂಬ ಕುಂಕುಮ, ಕಂಕುಳಲ್ಲಿ ಹಿತ್ತಾಳೆ ಕೊಡ. ಪೇಟೆಯ ಬಾವಿಯಿಂದ ಸೇದಿಕೊಂಡ ನೀರು ತುಳುಕುತ್ತಿತ್ತು. ವೇದಿಕೆಯ ಮುಂದೆ ಬಂದು ನಿಂತು, ಬಗ್ಗಿ, ಬೀದಿಯ ಮೇಲೆ ಆ ನೀರು ಸುರಿದಳು.

"ಬಾರವ್ವ," ಎಂದಳು. "ಬಾ, ಹೋಗೂಣು ಮನಿಗೆ."

ಬೀದಿಯ ಮೇಲಿನ ನೀರು ಚರಂಡಿಗೆ ಇಳಿಯಿತು. ಅವಳು ಹೋಗಿ ಇನ್ನೊಂದು ಕೊಡ ತಂದಳು. ಮತ್ತೊಂದು. ಜನ ಮೊದಲು ಗುಸುಗುಸು ಅಂದವರು, ಇದು ಪುರಸಭೆಯವರೇ ಇಟ್ಟ ಪರೀಕ್ಷೆ ಎಂದುಕೊಂಡರು. ಯಾರೋ ಎಣಿಸತೊಡಗಿದರು. ನಾಲ್ಕನೆಯ ಕೊಡಕ್ಕೆ ಚಪ್ಪಾಳೆ ಬಿತ್ತು. ಐದನೆಯದಕ್ಕೆ ಶಿಳ್ಳೆ. ಅವಳ ದನಿ ಚಪ್ಪಾಳೆಯಲ್ಲಿ ಕೇಳಿಸುತ್ತಿರಲಿಲ್ಲ, ತುಟಿ ಮಾತ್ರ ಅಲ್ಲಾಡುತ್ತಿತ್ತು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಹೊಸಮನಿ ಸಾಹೇಬರು ನನ್ನ ಕಿವಿಯ ಹತ್ತಿರ ಬಗ್ಗಿ, "ಒಳ್ಳೆ ಏರ್ಪಾಡು ಮಾಡಿದಿರಿ ಮೇಸ್ತ್ರಿ," ಎಂದು, ಉತ್ಸಾಹ ತಡೆಯಲಾರದೆ ಮೈಕಿನ ಮುಂದೆ ಹೋದರು.

"ಈ ಕೀರ್ತಿ ನನ್ನದಲ್ಲ," ಎಂದರು ಅವರು. "ಎಲ್ಲ ಮಣ್ಣೂ ಸೋತು ನಾನು ಹೊರಟು ನಿಂತಾಗ, ಮುದಕಪ್ಪನವರು ತಾವೇ ಈ ಮಣ್ಣನ್ನು ಹುಡುಕಿ ತಂದರು. ಒಂದು ಗಾಡಿ ಅಗೆಯುವುದಕ್ಕೂ ಮುಂಚೆ ಬಟ್ಟಲಲ್ಲಿ ಉಂಡೆ ಮುಳುಗಿಸಿ ನೋಡಿ, ಇದು ಇನ್ನೆಂದೂ ವಾಪಸ್ ಹೋಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಹೊಲದವರನ್ನು ಕೇಳಲು ಹೋದವರು ಅವರು. ಇಂಥ ಮೇಸ್ತ್ರಿ ನಿಮ್ಮ ಊರಿನ ಭಾಗ್ಯ."

ಫಕೀರವ್ವನ ಕೈಯಲ್ಲಿ ಆರನೆಯ ಕೊಡ ಅರ್ಧ ವಾಲಿತ್ತು. ಅವಳು ಅದನ್ನು ನೆಟ್ಟಗೆ ಮಾಡಿ ನೆಲಕ್ಕಿಟ್ಟಳು. ತಲೆ ಎತ್ತಿ ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ಈ ಕಥೆ ಹೇಳುವುದು ನನಗೆ ಸ್ವಲ್ಪ ಸುಲಭವಾಗುತ್ತಿತ್ತು. ಹಾಗೆ ನೋಡಲಿಲ್ಲ. ಗುರುತು ಹತ್ತದವರನ್ನು ನೋಡುವ ಹಾಗೆ ನೋಡಿದಳು, ರುಮಾಲಿನಿಂದ ಶಾಲಿನವರೆಗೆ.

"ನಿನಗ ಗೊತ್ತಿತ್ತಲ್ಲ ಅಣ್ಣಾ," ಎಂದಳು. ಚಪ್ಪಾಳೆ ನಿಂತಿತ್ತು, ಎಲ್ಲರಿಗೂ ಕೇಳಿಸಿತು. ಕೆಲವರಿಗೆ ಅರ್ಥವಾಗಿ ತಲೆ ತಗ್ಗಿಸಿದರು. ಬಾಳನಗೌಡರು ಬೇರೆ ಕಡೆ ನೋಡಿದರು.

ದೊಡ್ಡ ಸಾಹೇಬರಿಗೆ ನಮ್ಮ ಊರಿನ ವಿಷಯ ಗೊತ್ತಿಲ್ಲ. ಅವರು ಫೈಲು ಬಿಚ್ಚಿ, ಪೆನ್ನು ಹಿಡಿದು, ನನ್ನ ಕಡೆ ತಿರುಗಿ, "ಮೇಸ್ತ್ರಿ, ನೀವೇ ಹೇಳಿ, ನಾನು ಬರೀಬೇಕು. ರಸ್ತೆ ನಿಂತಿದೆಯೋ ಇಲ್ಲವೋ?" ಎಂದರು.

ತಂಗಿ ನನ್ನ ಉತ್ತರಕ್ಕೆ ಕಾಯುತ್ತ ನಿಂತಿದ್ದಳು. ನಾನು ದೊಡ್ಡ ಸಾಹೇಬರ ಕಡೆ ತಿರುಗಿದೆ.

"ನಿಂತೈತ್ರಿ," ಎಂದೆ.

ಅವರು ಬರೆದುಕೊಂಡರು. ಫಕೀರವ್ವ ಬೀದಿಯ ಮೇಲೆ ಮೊಣಕಾಲೂರಿ ಕೂತಳು. ಸೆರಗಿನ ತುದಿಯನ್ನು ಮಡಿಲಲ್ಲಿ ಅಗಲ ಮಾಡಿ ಹಿಡಿದು, ಒಂದು ಹಿಡಿಯಾದರೂ ಮನೆಗೆ ಒಯ್ಯೋಣ ಎಂದು ಉಗುರಿನಿಂದ ಕೆರೆದಳು. ಒದ್ದೆಯಾದ ಕಡೆ ಕೆರೆದಳು, ಅಂಚಿನಲ್ಲಿ ಕೆರೆದಳು. ಎರಡು ಉಗುರು ಮುರಿದು ರಕ್ತ ಬಂತು. ಒಂದು ಚಿಟಿಕೆ ಮಣ್ಣೂ ಏಳಲಿಲ್ಲ. ಅಷ್ಟು ಚಲೋ ಮಾಡಿದ್ದೆ ನಾನು ಆ ಕೆಲಸ.